ಎಚ್‌ಐವಿ ಇದ್ದವರಿಗೆ ಮನೆಯಲ್ಲೇ ಪೌಷ್ಟಿಕ ಪುಡಿ: ಮಾಡುವುದು ಹೇಗೆ, ಕುಡಿಯುವುದು ಹೇಗೆ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪುಡಿ ಔಷಧಿ ಅಲ್ಲ, ಊಟ. ಎಚ್‌ಐವಿಯನ್ನು ಹಿಡಿತದಲ್ಲಿಡುವುದು ಎಆರ್‌ಟಿ ಮಾತ್ರೆಯೇ, ಅಂದರೆ ವೈರಸ್ ಹೆಚ್ಚದಂತೆ ತಡೆಯುವ ಔಷಧಿಯೇ. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ 2004ರಿಂದಲೂ ಅದು ಉಚಿತ. ಪುಡಿಯ ಕೆಲಸ ಮೈಗೆ ಕಸುವು ತುಂಬುವುದು, ಅಷ್ಟೇ.

ಯಾರಿಗೆ ಬೇಕು?

ಎಚ್‌ಐವಿ ಇದ್ದವರಿಗೆ ಯಾವ ತೊಂದರೆ ಕಾಣದಿದ್ದರೂ ಶೇ 10ರಷ್ಟು ಜಾಸ್ತಿ ಶಕ್ತಿ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜ್ವರ, ಸೋಂಕು ಇದ್ದಾಗ ಮತ್ತು ಚೇತರಿಸಿಕೊಳ್ಳುವಾಗ ಶೇ 20ರಿಂದ 30ರಷ್ಟು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಶೇ 10 ಎಂದರೆ 200. ಒಂದು ಲೋಟ ಗಂಜಿಯಲ್ಲಿ ಅದು ಬಂದುಬಿಡುತ್ತದೆ.

ಹಾಗಂತ ಎಲ್ಲರೂ ಕುಡಿಯಬೇಕಿಲ್ಲ. ಈಗ ಬಹಳಷ್ಟು ಜನಕ್ಕೆ ಕೊಡುವುದು ಡೊಲುಟೆಗ್ರಾವಿರ್ ಎಂಬ ಔಷಧಿ ಇರುವ ಎಆರ್‌ಟಿ ಮಾತ್ರೆ. ಅದನ್ನು ಶುರು ಮಾಡಿದ ಮೇಲೆ ಕೆಲವರ ತೂಕ ತಾನಾಗಿಯೇ ಏರುತ್ತದೆ. ಅಂಥವರಿಗೆ ಮೂರು ಹೊತ್ತು ಮುದ್ದೆ, ಕಾಳು, ಸೊಪ್ಪು ಸಾಕು. ಶುಗರ್ ಅಥವಾ ಕಿಡ್ನಿ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ.

ಒಂದು ಕಿಲೋ ಪುಡಿಗೆ

ರಾಗಿ 500 ಗ್ರಾಂ, ಹೆಸರುಕಾಳು 200, ಕಡಲೆಬೀಜ 200, ಎಳ್ಳು 50, ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪು 50 ಗ್ರಾಂ. ಏಲಕ್ಕಿ ನಿಮ್ಮಿಷ್ಟ. ನುಗ್ಗೆಸೊಪ್ಪು ಇದಕ್ಕಿಂತ ಜಾಸ್ತಿ ಹಾಕಿದರೆ ಕಹಿ ಹೊಡೆಯುತ್ತದೆ, ಎರಡನೇ ದಿನವೇ ಲೋಟ ಪಕ್ಕಕ್ಕೆ ಹೋಗುತ್ತದೆ.

ಮೊದಲು ರಾಗಿ. ಮೂರ್ನಾಲ್ಕು ಸಲ ತೊಳೆದು ರಾತ್ರಿಯಿಡೀ ನೆನೆಸಿ. ಬೆಳಗ್ಗೆ ನೀರು ಬಸಿದು ಒದ್ದೆ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಬಟ್ಟೆ ಒಣಗಿದಂತೆ ಕಂಡರೆ ನೀರು ಚಿಮುಕಿಸಿ. ಒಂದೆರಡು ದಿನದಲ್ಲಿ ಬಟ್ಟೆಯ ಹೊರಗೂ ಬಿಳಿ ಮೊಳಕೆ ಇಣುಕುತ್ತದೆ. ಹುಳಿ ವಾಸನೆ ಬಂದರೆ, ಲೋಳೆಯಾದರೆ ಕರುಣೆಯಿಲ್ಲದೆ ಚೆಲ್ಲಿ. ಸರಿಯಾಗಿದ್ದರೆ ಬಿಸಿಲಿಗೆ ಹರವಿ ಗರಿಗರಿಯಾಗುವಷ್ಟು ಒಣಗಿಸಿ. ಅಂಗೈಯಲ್ಲಿ ಉಜ್ಜಿದರೆ ಮೊಳಕೆ ಉದುರುತ್ತದೆ, ಮೊರದಲ್ಲಿ ಕೇರಿಬಿಡಿ. ಆಮೇಲೆ ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿಯಿರಿ.

ಇಷ್ಟೆಲ್ಲ ಯಾಕೆ, ಹಾಗೇ ಹಿಟ್ಟು ಹಾಕಿದರೆ ಆಗಲ್ವಾ? ಆಗುತ್ತದೆ. ಆದರೆ ಮೊಳಕೆ ಬರುವಾಗ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಒಂದೇ ಲೋಟದಲ್ಲಿ ಜಾಸ್ತಿ ಹಿಟ್ಟು ಹಾಕಿದರೂ ಗಂಜಿ ಮುದ್ದೆಯಾಗದೆ ತೆಳ್ಳಗೇ ಉಳಿಯುತ್ತದೆ. ಹಸಿವು ಸತ್ತವರಿಗೆ, ಬಾಯಿ ಹುಣ್ಣಾದವರಿಗೆ ಇದೇ ಬೇಕಾದದ್ದು. ಜೋರು ಉರಿಯಲ್ಲಿ ಕಪ್ಪಗೆ ಹುರಿದರೆ ಆ ಕಿಣ್ವವೂ ಸಾಯುತ್ತದೆ.

ಹೆಸರುಕಾಳು, ಎಳ್ಳು, ಕಡಲೆಬೀಜ ಬೇರೆ ಬೇರೆಯಾಗಿ ಹುರಿಯಿರಿ. ಕಡಲೆಬೀಜ ಆರಿಸುವಾಗ ಮಾತ್ರ ಸೋಮಾರಿತನ ಬೇಡ. ಸುಕ್ಕಾದದ್ದು, ಕಪ್ಪಾದದ್ದು, ಬೂಸ್ಟು ಹಿಡಿದದ್ದು ಎಲ್ಲ ಹೊರಗೆ. ಬೂಸ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ರಾಗಿ, ಹೆಸರುಕಾಳನ್ನು ಗಿರಣಿಗೆ ಕೊಡಿ. ಖಾರದಪುಡಿ ಬೀಸಿದ ಬೆನ್ನಿಗೇ ಹಾಕಿಸಬೇಡಿ, ಹುಣ್ಣಾದ ಬಾಯಿಗೆ ಬೆಂಕಿ ಇಟ್ಟಂತಾಗುತ್ತದೆ. ಕಡಲೆಬೀಜ, ಎಳ್ಳು ಎಣ್ಣೆ ಬಿಡುತ್ತವೆ. ಅವನ್ನು ಮನೆಯಲ್ಲೇ ಸ್ವಲ್ಪ ರಾಗಿಹಿಟ್ಟಿನ ಜೊತೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ನುಗ್ಗೆಸೊಪ್ಪನ್ನೂ ಪುಡಿ ಮಾಡಿ ಎಲ್ಲ ಬೆರೆಸಿ, ಒಣಗಿದ ಡಬ್ಬಿಗೆ ತುಂಬಿ. ಎರಡು ಮೂರು ವಾರದೊಳಗೆ ಮುಗಿಸಿ. ಒಬ್ಬರಿಗಾದರೆ ಅರ್ಧ ಅಳತೆ ಸಾಕು. ಅಕ್ಕಪಕ್ಕದವರು ನೋಡಿದರೆ? ಯಾವ ಮನೆಯಲ್ಲೂ ಇರುವ ರಾಗಿ ಮಾಲ್ಟ್ ಇದು, ಯಾರಿಗೆ ಅಂತ ಯಾರೂ ಕೇಳುವುದಿಲ್ಲ.

ಗಂಜಿ

40 ಗ್ರಾಂ ಪುಡಿಯನ್ನು ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ. ಕುದಿಯುವ ನೀರಿಗೆ ಸುರಿದು, ಕೈಯಾಡಿಸುತ್ತಾ ಏಳೆಂಟು ನಿಮಿಷ ಬೇಯಿಸಿ. 15 ಗ್ರಾಂ ಬೆಲ್ಲ ಹಾಕಿದರೆ ಸುಮಾರು 200 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ಭೇದಿ ಇದ್ದಾಗ ಬೆಲ್ಲ ಬಿಟ್ಟು ಉಪ್ಪು ಹಾಕಿ, ಹಾಲೂ ಬೆರೆಸಬೇಡಿ. ವಿಟಮಿನ್ ಬಿ12 ಮಾತ್ರ ಈ ಪುಡಿಯಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ ತಿನ್ನದವರು ಅದರ ಬಗ್ಗೆ ವೈದ್ಯರ ಹತ್ತಿರ ಮಾತಾಡಿ.

ಮಾತ್ರೆಯ ಜೊತೆ ತಂಟೆ ಬೇಡ

ರಾಗಿಯ ಕ್ಯಾಲ್ಸಿಯಂ, ಸೊಪ್ಪಿನ ಕಬ್ಬಿಣಕ್ಕೆ ಹೆದರಬೇಕಿಲ್ಲ. ಎಚ್ಚರ ಬೇಕಿರುವುದು ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಮತ್ತು ಟಾನಿಕ್‌ಗಳಿಗೆ. ಬರೀ ಹೊಟ್ಟೆಯಲ್ಲಿ ಜೊತೆಗೆ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಸೇರುವುದಿಲ್ಲ. ಊಟದ ಜೊತೆ ಎರಡನ್ನೂ ತೆಗೆದುಕೊಳ್ಳಬಹುದು. ಇಲ್ಲವೇ ಎಆರ್‌ಟಿ ಮಾತ್ರೆ ನುಂಗಿ 2 ಗಂಟೆ ಬಿಟ್ಟು ಟಾನಿಕ್, ಅಥವಾ ಟಾನಿಕ್ ಆಗಿ 6 ಗಂಟೆ ಬಿಟ್ಟು ಎಆರ್‌ಟಿ. ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಗ್ಯಾಸಿನ ಔಷಧಿಗೆ ಊಟದ ರಿಯಾಯಿತಿ ಇಲ್ಲ, ಈ 2 ಗಂಟೆ, 6 ಗಂಟೆಯ ಲೆಕ್ಕವೇ.

'ಇಮ್ಯುನಿಟಿ' ಕ್ಯಾಪ್ಸೂಲ್‌ಗಳ ಬಗ್ಗೆ ನನಗೆ ಗುಮಾನಿ ಜಾಸ್ತಿ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಎಆರ್‌ಟಿಯ ಬಲವನ್ನೇ ಕುಗ್ಗಿಸುತ್ತದೆ. ಗಿಡದ್ದು ಅಂದಮಾತ್ರಕ್ಕೆ ಸಾಧು ಅಲ್ಲ. 2006ರಲ್ಲಿ ಟೊರಾಂಟೊದ ಏಡ್ಸ್ ಸಮ್ಮೇಳನದಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರ ತನ್ನ ಮಳಿಗೆಯಲ್ಲಿ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಯನ್ನು ಏಡ್ಸ್‌ಗೆ ಮದ್ದೆಂಬಂತೆ ಜೋಡಿಸಿಟ್ಟು ಛೀಮಾರಿ ಹಾಕಿಸಿಕೊಂಡಿತ್ತು. ಬೀಟ್‌ರೂಟ್ ತಿನ್ನಿ, ತಪ್ಪಿಲ್ಲ. ಮಾತ್ರೆಯ ಜಾಗದಲ್ಲಿ ಮಾತ್ರ ಬೇಡ.

ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಗಂಜಿ ಕುಡಿದರೂ ತೂಕ ಇಳಿಯುತ್ತಿದ್ದರೆ, ಅಥವಾ ಕೆಮ್ಮು, ಜ್ವರ, ರಾತ್ರಿ ಬೆವರು ಕಂಡರೆ ಇನ್ನೊಂದು ಲೋಟ ಕುಡಿಯುತ್ತಾ ಕೂರಬೇಡಿ. ಎಆರ್‌ಟಿ ಕೇಂದ್ರಕ್ಕೆ ಹೋಗಿ ಕ್ಷಯದ ಪರೀಕ್ಷೆ ಮಾಡಿಸಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಉಚಿತ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.