ಹಸಿ ಹಲಗೆಯಲ್ಲಿ ಕಟ್ಟಿದ ಸೌದೆ ಕೊಟ್ಟಿಗೆ: ನನ್ನ ಅನುಭವ

ಸೌದೆ ಕೊಟ್ಟಿಗೆಗೆ ಬೇಕಾದ ಹಲಗೆ, ಕಂಬಗಳನ್ನು ನಾನೇ ಕೊಯ್ದುಕೊಂಡೆ. ಗಾಳಿಗೆ ಬಿದ್ದ ಮರಗಳ ದಿಮ್ಮಿಗಳು ಕೈಯಳತೆಯಲ್ಲೇ ಇದ್ದವು. ಇಂಥ ಕೊಟ್ಟಿಗೆಗೆ ಪೂರ್ತಿ ಒಣಗಿದ, ನುಣುಪಾದ ಹಲಗೆಯೇ ಬೇಕೆಂದೂ ಇಲ್ಲ. ಬಾಗಿಲಿಗೋ ಮೇಜಿಗೋ ಹಸಿ ಮರ ಒದಗುವುದಿಲ್ಲ. ಆದರೆ ಗಾಳಿಯಾಡಲೆಂದು ಸಂದು ಬಿಟ್ಟೇ ಕಟ್ಟುವ ಗೋಡೆಯಲ್ಲಿ ಹಲಗೆ ಒಣಗಿ ಕುಗ್ಗಿದರೆ ಸಂದು ಒಂದಿಷ್ಟು ಅಗಲವಾಗುತ್ತದೆ, ಅಷ್ಟೆ. ಮರ ಹೇಗೆ ನೀರು ಬಿಡುತ್ತದೆ, ಎತ್ತ ಕುಗ್ಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡರೆ ಹಸಿ ಮರದಲ್ಲೇ ಗಟ್ಟಿಮುಟ್ಟಾದ ಕೊಟ್ಟಿಗೆ ಕಟ್ಟಬಹುದು.

ಕೊಯ್ಯಲು ಚೈನ್ ಸಾ ಎಂಬ ಯಂತ್ರಗರಗಸಕ್ಕೆ ಜೋಡಿಸುವ ಕಬ್ಬಿಣದ ಚೌಕಟ್ಟನ್ನು ಬಳಸಿದೆ. ಮರವನ್ನು ಅಡ್ಡಲಾಗಿ ತುಂಡರಿಸುವ ಚೈನಿನ ಹಲ್ಲುಗಳನ್ನು ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸಿನಲ್ಲಿ ಮಸೆದಿರುತ್ತಾರೆ. ಉದ್ದಕ್ಕೆ ಸೀಳಲು 10 ಡಿಗ್ರಿಗೆ ಮಸೆದ ಚೈನ್ ಹಾಕಿದರೆ ಹಲಗೆಯ ಮೈ ನಯವಾಗಿ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಸೀಳು. ಉಬ್ಬುತಗ್ಗಿರುವ ದಿಮ್ಮಿಯ ಮೇಲೆ ಚೌಕಟ್ಟು ನೇರವಾಗಿ ಸಾಗುವುದಿಲ್ಲವಾದ್ದರಿಂದ, ನೇರವಾದ ಏಣಿಯೊಂದನ್ನು ದಿಮ್ಮಿಗೆ ಭದ್ರಪಡಿಸಿ ಅದರ ಮೇಲೆ ಚೌಕಟ್ಟನ್ನು ಓಡಿಸಿದೆ. ಏಣಿ ಕೊಂಚ ತಿರುಚಿಕೊಂಡಿದ್ದರೂ ಆ ತಿರುಚು ಅದೇ ದಿಮ್ಮಿಯ ಎಲ್ಲ ಹಲಗೆಗಳಿಗೂ ಇಳಿಯುತ್ತದೆ. ಹಾಗಾಗಿ ಎರಡೂ ತುದಿಗಳಲ್ಲಿ ರಸಮಟ್ಟ ಇಟ್ಟು ನೋಡದೆ ನಾನು ಯಂತ್ರ ಚಾಲೂ ಮಾಡುತ್ತಿರಲಿಲ್ಲ. ಚೈನ್ ಪ್ರತಿ ಸೀಳಿಗೂ ಸುಮಾರು 8 ಮಿ.ಮೀ. ಮರವನ್ನು ಹೊಟ್ಟು ಮಾಡಿಬಿಡುತ್ತದೆ. ಆದ್ದರಿಂದ ಹಲಗೆಗಳನ್ನು ತೀರ ತೆಳುವಾಗಿಸದೆ 25 ಮಿ.ಮೀ. ದಪ್ಪಕ್ಕೆ ಇಳಿಸಿದೆ, ಕಂಬಗಳನ್ನು ಮಾತ್ರ ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ಹೆಚ್ಚಿರುವ ಕಡೆಯಿಂದ ತೆಗೆದೆ. ಹೊರಗಿನ ಬಿಳಿ ಭಾಗವನ್ನು ಕುಟ್ಟೆ ಹುಳು ಬೇಗ ಹಿಡಿಯುತ್ತದೆ. ತೊಗಟೆಯ ಅಡಿಯಲ್ಲಿ ಹುಳು ಮನೆ ಮಾಡುವುದರಿಂದ ತೊಗಟೆಯನ್ನು ಒಂದು ಎಳೆಯೂ ಉಳಿಯದಂತೆ ಸುಲಿದೆ.

ಕೊಯ್ದ ಹಲಗೆಗಳನ್ನು ನೆರಳಿನಲ್ಲಿ ಒಟ್ಟಿ, ಪ್ರತಿ ಸಾಲಿನ ನಡುವೆ ಒಂದೇ ದಪ್ಪದ ಒಣ ಪಟ್ಟಿಗಳನ್ನು ಇಟ್ಟೆ. ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ನೇರಕ್ಕೇ ಬರಬೇಕು, ಇಲ್ಲದಿದ್ದರೆ ಭಾರಕ್ಕೆ ಹಲಗೆ ಅಲೆಯಲೆಯಾಗಿ ಬಾಗುತ್ತದೆ. ಮರದ ಎಳೆಗಳು ತೆರೆದುಕೊಳ್ಳುವ ತುದಿಯಿಂದ ನೀರು ಪಕ್ಕದ ಮೈಗಿಂತ ಎಷ್ಟೋ ಪಟ್ಟು ಬೇಗ ಹೊರಟುಹೋಗುತ್ತದೆ. ಬಿಸಿಲು ತಾಗಿದ ತುದಿಯನ್ನು ಹತ್ತಿರದಿಂದ ನೋಡಿದರೆ ತಿರುಳಿನಿಂದ ಹೊರಕ್ಕೆ ಹೊರಟ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಅವೇ ಮುಂದೆ ಹಲಗೆಯನ್ನು ಗೇಣುದ್ದ ಸೀಳುತ್ತವೆ. ಕೊಯ್ದ ದಿನವೇ ತುದಿಗಳಿಗೆ ದಪ್ಪಗೆ ಬಣ್ಣ ಬಳಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಕಂಬಗಳನ್ನು ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸಿದೆ. ಮರ ಕೊಳೆಯುವುದೂ ಗೆದ್ದಲು ಹತ್ತುವುದೂ ನೆಲ ಸೇರುವಲ್ಲೇ ಶುರುವಾಗುತ್ತದೆ. ಕಂಬ ಮತ್ತು ತೊಲೆ ಕೂಡುವ ಮೂಲೆಗಳಿಗೆ ಓರೆಯಾಗಿ ಆಸರೆ ಕೊಟ್ಟೆ. ಹಲಗೆಗಳನ್ನು ಬಿಡಿಬಿಡಿಯಾಗಿ ಬಡಿದಿರುವ ಕಟ್ಟಡಕ್ಕೆ ಗೋಡೆಯಿಂದ ಬಿಗಿ ಬರುವುದಿಲ್ಲವಾದ್ದರಿಂದ ಇದನ್ನು ಬಿಡುವಂತಿಲ್ಲ. ನೆಲಹಾಸು ಮಣ್ಣಿನಿಂದ ಗೇಣೆತ್ತರದಲ್ಲಿದೆ. ಹಸಿ ಸೌದೆಯ ಭಾರ ದೊಡ್ಡದು. ಆ ಅಂದಾಜಿನಲ್ಲೇ ಅಡಿಯ ತೊಲೆಗಳನ್ನು ಹತ್ತಿರ ಹತ್ತಿರ ಇಟ್ಟೆ.

ಗೋಡೆಯ ಹಲಗೆಗಳ ವಿಚಾರದಲ್ಲಿ ಎರಡು ಸಂಗತಿಗಳನ್ನು ಒತ್ತಿ ಹೇಳಬೇಕು. ಮರ ಒಣಗುವಾಗ ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವ ಪ್ರಮಾಣ, ತಿರುಳಿನಿಂದ ತೊಗಟೆಯತ್ತ ಕುಗ್ಗುವ ಪ್ರಮಾಣದ ಸುಮಾರು ಎರಡು ಪಟ್ಟು ಇರುತ್ತದೆ. ಇದರಿಂದ ಹಲಗೆಯ ಅಂಚುಗಳು ತೊಗಟೆಯಿದ್ದ ಬದಿಗೆ ಮಡಚಿಕೊಳ್ಳುತ್ತವೆ. ತಿರುಳಿನ ಬದಿಯನ್ನು ಹೊರಕ್ಕಿಟ್ಟು ಬಡಿದರೆ ಆ ಅಂಚುಗಳು ಒಳಗಿನ ಅಡ್ಡಪಟ್ಟಿಗೇ ಒತ್ತಿಕೊಳ್ಳುತ್ತವೆ. ಎರಡನೆಯದು ಮೊಳೆ. ಹಸಿ ಹಲಗೆಯ ಎರಡೂ ಅಂಚಿಗೆ ಮೊಳೆ ಹೊಡೆದರೆ, ಕುಗ್ಗಲು ಎಡೆಯಿಲ್ಲದೆ ಹಲಗೆ ನಡುವೆ ಸೀಳುತ್ತದೆ. ಪ್ರತಿ ಅಡ್ಡಪಟ್ಟಿಗೂ ಹಲಗೆಯ ನಡುಮಧ್ಯದಲ್ಲಿ ಒಂದೇ ಮೊಳೆ ಸಾಕು. ಸತುವಿನ ಲೇಪವಿರುವ ಮೊಳೆಗಳನ್ನೇ ಬಳಸಿದೆ, ಏಕೆಂದರೆ ಒಗರು ಹೆಚ್ಚಿರುವ ಮರದಲ್ಲಿ ಬರಿ ಕಬ್ಬಿಣದ ಮೊಳೆಯ ಸುತ್ತ ಕಪ್ಪು ಕಲೆ ಹಬ್ಬಿ ಮೊಳೆಯೂ ಸವೆಯುತ್ತದೆ.

ಸೂರನ್ನು ಧಾರಾಳವಾಗಿ ಮುಂದೆ ಚಾಚಿದ್ದೇನೆ. ಸಂದುಗಳಿರುವ ಗೋಡೆಗೆ ಮಳೆಯ ಎರಚಲಿನಿಂದ ರಕ್ಷಣೆ ಅದೇ. ಗಾಳಿ ಬೀಸುವ ದಿಕ್ಕಿಗೆ ಮುಂಭಾಗ ಪೂರ್ತಿ ತೆರೆದಿದೆ. ಸೌದೆಯನ್ನು ಸೀಳಿದ ಮೇಲೆಯೇ ಒಳಗೆ ಒಟ್ಟುತ್ತೇನೆ, ಹಿಂಗೋಡೆಗೆ ತಾಗದಂತೆ ಕೈ ತೂರುವಷ್ಟು ಜಾಗ ಬಿಡುತ್ತೇನೆ. ತೇವಾಂಶ ಶೇ. 20ಕ್ಕಿಂತ ಕೆಳಗಿಳಿಯುವವರೆಗೆ ಅದನ್ನು ಒಲೆಗೆ ಹಾಕುವುದಿಲ್ಲ. ಹಸಿ ಸೌದೆಯ ಬಿಸಿಯಲ್ಲಿ ಒಂದು ಪಾಲು ತನ್ನ ನೀರನ್ನೇ ಆವಿಯಾಗಿಸಲು ಖರ್ಚಾಗಿ ಹೊಗೆ ಹೆಚ್ಚುತ್ತದೆ.

ಕಟ್ಟಿದ ಮೇಲೂ ಒಂದು ಕೆಲಸ ಬಾಕಿಯಿರುತ್ತದೆ. ಮೊದಲ ಬೇಸಿಗೆ ಕಳೆಯುವಷ್ಟರಲ್ಲಿ ಕಂಬ, ತೊಲೆಗಳು ಕುಗ್ಗಿ ಬೋಲ್ಟುಗಳ ನಟ್ಟು ಸಡಿಲವಾಗುತ್ತವೆ. ಸ್ಪ್ಯಾನರ್ ಹಿಡಿದು ಎಲ್ಲವನ್ನೂ ಒಮ್ಮೆ ಬಿಗಿ ಮಾಡಬೇಕು, ಮರುವರ್ಷವೂ ಒಮ್ಮೆ ನೋಡಬೇಕು.