ರಿಫ್ರ್ಯಾಕ್ಟೋಮೀಟರಿನ ನಾಲ್ಕನೇ ದಶಮಾಂಶ

ತೆಂಗಿನೆಣ್ಣೆಯ ವಕ್ರೀಭವನಾಂಕ (ಬೆಳಕು ಅದರೊಳಗೆ ಎಷ್ಟು ಬಾಗುತ್ತದೆ ಎಂದು ಹೇಳುವ ಅಂಕಿ) 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.4481ರಿಂದ 1.4491ರೊಳಗೆ ಇರಬೇಕು ಎನ್ನುತ್ತದೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ. ಎರಡು ಅಂಕಿಗಳ ನಡುವೆ ಇರುವ ಜಾಗ 0.0010 ಮಾತ್ರ. ಎಣ್ಣೆಯ ಕಾವು ಒಂದು ಡಿಗ್ರಿ ಏರಿದರೆ ವಕ್ರೀಭವನಾಂಕ ಸುಮಾರು 0.000385 ಇಳಿಯುತ್ತದೆ. ಹಾಗಾಗಿ ತಾಪಮಾನದಲ್ಲಿ ಮೂರು ಡಿಗ್ರಿ ಹೆಚ್ಚುಕಡಿಮೆ ಆದರೂ ಆ ಇಡೀ ಜಾಗ ಕರಗಿಹೋಗುತ್ತದೆ. ಕಾಸರಗೋಡಿನ ಎಣ್ಣೆ ಮಿಲ್ಲುಗಳ ಎಣ್ಣೆ ನೋಡುವಾಗ ನಾನು ಈ ಅಂಕಿ ಅಳೆಯುವ ರಿಫ್ರ್ಯಾಕ್ಟೋಮೀಟರಿಗಿಂತ ಹೆಚ್ಚು ಗಮನ ಕೊಡುವುದು ಥರ್ಮಾಮೀಟರಿಗೆ. ಕಾವು ಬರೆಯದ ರೀಡಿಂಗನ್ನು ದಾಖಲೆ ಪುಸ್ತಕಕ್ಕೆ ಏರಿಸುವುದೇ ಇಲ್ಲ.

ನಾನು ಬಳಸುವುದು ಅಬ್ಬೆ ರಿಫ್ರ್ಯಾಕ್ಟೋಮೀಟರ್. ಜರ್ಮನಿಯ ಯೇನಾದಲ್ಲಿದ್ದ ಅರ್ನ್‌ಸ್ಟ್ ಅಬ್ಬೆ 1874ರಲ್ಲಿ ವಿವರಿಸಿದ ಉಪಕರಣದ ಮೂಲ ಏರ್ಪಾಡು ಇವತ್ತಿಗೂ ಬದಲಾಗಿಲ್ಲ. ಎರಡು ಪ್ರಿಸ್ಮ್‌ಗಳು ಕೀಲಿನಲ್ಲಿ ಜೋಡಿಕೊಂಡಿರುತ್ತವೆ. ಬೆಳಕು ಒಳಬರುವ ಪ್ರಿಸ್ಮಿನ ಮೈ ತರಿತರಿ, ಅಳೆಯುವ ಪ್ರಿಸ್ಮಿನ ಮೈ ನಯವಾದ ಪಾಲಿಶ್. ನಡುವೆ ದ್ರವದ ತೆಳು ಪದರ. ತರಿ ಮೈಯಿಂದ ಎಲ್ಲ ದಿಕ್ಕಿಗೂ ಚದುರಿದ ಬೆಳಕು ಮೇಲಿನ ಅಳೆಯುವ ಪ್ರಿಸ್ಮನ್ನು ಹೊಕ್ಕಾಗ ಕ್ರಾಂತಿಕೋನವೆಂಬ ಒಂದು ಮಿತಿಯ ಕೋನವನ್ನು ಮೀರಿ ಹೋಗಲಾರದು. ಅದಕ್ಕೇ ಕಣ್ಣಿಟ್ಟು ನೋಡಿದರೆ ಅರ್ಧ ಬೆಳಕು, ಅರ್ಧ ಕತ್ತಲೆ ಕಾಣುತ್ತದೆ. ಆ ಗಡಿಗೆರೆಯನ್ನು ಅಡ್ಡಗೆರೆಗಳು ಕೂಡುವ ಬಿಂದುವಿಗೆ ತಂದು ಸ್ಕೇಲ್ ಓದುವುದು, ಕೆಲಸ ಇಷ್ಟೇ. ಅಳೆಯುವ ಪ್ರಿಸ್ಮಿನ ಗಾಜು ಮಾದರಿಗಿಂತ ಹೆಚ್ಚು ವಕ್ರೀಭವನಾಂಕದ್ದಾಗಿರಲೇಬೇಕು. ಸಾಮಾನ್ಯ ಅಬ್ಬೆಯ ಸ್ಕೇಲ್ 1.300ರಿಂದ 1.700ರವರೆಗೆ ಮಾತ್ರ ಇರುವುದು ಇದೇ ಕಾರಣಕ್ಕೆ.

ಬೆಳಕಿಗೆ ಸೋಡಿಯಂ ದೀಪ ಬೇಕಿಲ್ಲ, ಸಾಮಾನ್ಯ ಬಲ್ಬು ಸಾಕು. ಬಿಳಿ ಬೆಳಕಿನಲ್ಲಿ ಗಡಿಗೆರೆಗೆ ಕಾಮನಬಿಲ್ಲಿನ ಅಂಚು ಬರುತ್ತದೆ. ಪಕ್ಕದ ಗುಂಡಿ ತಿರುಗಿಸಿದಾಗ ಒಳಗಿನ ಎರಡು ಅಮಿಚಿ ಪ್ರಿಸ್ಮ್‌ಗಳು ಎದುರುಬದುರಾಗಿ ತಿರುಗಿ ಬಣ್ಣವನ್ನು ಅಳಿಸುತ್ತವೆ. ಉಳಿಯುವ ಕಪ್ಪು ಬಿಳುಪು ಗೆರೆ ಸೋಡಿಯಂನ 589 ನ್ಯಾನೋಮೀಟರ್ ಬೆಳಕಿನ ಲೆಕ್ಕಕ್ಕೇ ಹೊಂದುತ್ತದೆ. ಗುಂಡಿ ಎಷ್ಟು ತಿರುಗಿಸಿದರೂ ಬಣ್ಣ ಹೋಗದಿದ್ದರೆ ಸಾಮಾನ್ಯವಾಗಿ ದ್ರವ ಸಾಲದೇ ಇರುತ್ತದೆ, ಅಥವಾ ಬೆಳಕು ಓರೆಯಾಗಿ ಬೀಳುತ್ತಿರುತ್ತದೆ.

ಬೆಳಿಗ್ಗೆ ಮೊದಲು ಬಟ್ಟಿ ಇಳಿಸಿದ ನೀರಿನ ರೀಡಿಂಗ್. ಪ್ರಿಸ್ಮಿಗೆ ಎರಡು ಮೂರು ಹನಿ ಹಾಕಿ, ಮುಚ್ಚಿ, ಥರ್ಮಾಮೀಟರ್ ನಿಲ್ಲುವವರೆಗೆ ಕಾಯಬೇಕು. 20 ಡಿಗ್ರಿಯಲ್ಲಿ 1.3330, 25ರಲ್ಲಿ 1.3325, 30ರಲ್ಲಿ 1.3319, 40ರಲ್ಲಿ 1.3306 ಬರಬೇಕು. ನಮ್ಮ ಊರಿನ ಕೋಣೆಯಲ್ಲಿ 20ರ ಅಂಕಿ ಬಹುಮಟ್ಟಿಗೆ ಪುಸ್ತಕದ ಅಂಕಿ ಮಾತ್ರ. ಸರಿಪಡಿಸುವ ಚಿಕ್ಕ ಸ್ಕ್ರೂ ಇದೆಯೆಂದು ದಿನವೂ ಅದಕ್ಕೆ ಕೀಲಿ ಹಾಕುವವರಿದ್ದಾರೆ. ನನಗೆ ಅದು ಸರಿಕಾಣುವುದಿಲ್ಲ. 0.0001 ಅಥವಾ 0.0002 ವ್ಯತ್ಯಾಸ ಬಂದರೆ ಪ್ರಿಸ್ಮನ್ನು ಮತ್ತೊಮ್ಮೆ ಒರೆಸಿ, ಹೊಸ ನೀರು ಹಾಕಿ ನೋಡಿದರೆ ಹೆಚ್ಚಿನ ಸಲ ತಾನಾಗಿ ಸರಿಯಾಗುತ್ತದೆ. ಹಿಂದಿನ ದಿನದ ಎಣ್ಣೆಯ ಪೊರೆಯೊಂದು ಉಳಿದಿದ್ದರೂ ಸಾಕು, ನೀರು ಹರಡದೆ ಮುತ್ತುಗಟ್ಟುತ್ತದೆ. ಹಾಗೆ ಮುತ್ತುಗಟ್ಟಿದ್ದು ಕಂಡರೆ ರೀಡಿಂಗ್ ತೆಗೆಯುವುದೇ ಬೇಡ.

ಇನ್ನು ಎಣ್ಣೆ. ಮಳೆಗಾಲದಲ್ಲಿ ಕೊಬ್ಬರಿ ಸರಿಯಾಗಿ ಒಣಗಿರುವುದಿಲ್ಲ, ಎಣ್ಣೆಯಲ್ಲಿ ನೀರಿನಂಶ ಉಳಿದು ಮಸುಕಾಗುತ್ತದೆ. ಮಸುಕು ಎಣ್ಣೆಯಲ್ಲಿ ಗಡಿಗೆರೆ ಹತ್ತಿಯ ಎಳೆಯಂತೆ ಹಿಂಜಿಕೊಂಡಿರುತ್ತದೆ. ಸ್ವಲ್ಪ ಬೆಚ್ಚಗೆ ಮಾಡಿ, ನೀರು ತೆಗೆದ ಸೋಡಿಯಂ ಸಲ್ಫೇಟ್ ಒಂದು ಚಿಟಿಕೆ ಹಾಕಿ ಕಲಕಿ, ಫಿಲ್ಟರ್ ಕಾಗದದಲ್ಲಿ ಸೋಸಬೇಕು. ಆಮೇಲೆ ಪ್ರಿಸ್ಮಿನ ಕವಚದೊಳಗೆ ಬಿಸಿನೀರು ಸುತ್ತುವಂತೆ ಮಾಡಿ 40 ಡಿಗ್ರಿಗೆ ತರುತ್ತೇನೆ. ನೀರು ಕಾಯಿಸಿ ಕಳಿಸುವ ಬಾತ್‌ನ ಡಯಲ್ 40 ತೋರಿಸಿದರೆ ಪ್ರಿಸ್ಮ್ 40ಕ್ಕೆ ಬಂತು ಎಂದಲ್ಲ. ರಬ್ಬರ್ ಕೊಳವೆ ಉದ್ದವಿದ್ದಷ್ಟು ಕಾವು ದಾರಿಯಲ್ಲೇ ಸೋರುತ್ತದೆ. ಕೊಳವೆ ಗಿಡ್ಡವಿರಲಿ, ಅದಕ್ಕೆ ಬಟ್ಟೆ ಸುತ್ತಿರಲಿ. ಓದಬೇಕಾದ್ದು ಪ್ರಿಸ್ಮಿನ ಪಕ್ಕದಲ್ಲಿ ಸಿಕ್ಕಿಸಿದ ಥರ್ಮಾಮೀಟರನ್ನು.

ಎಣ್ಣೆ ಹಾಕಿ ಮುಚ್ಚಿದ ಮೇಲೆ ಗೆರೆ ಮೆಲ್ಲಗೆ ಜಾರುತ್ತಿರುತ್ತದೆ. ತಣ್ಣನೆಯ ಎಣ್ಣೆ ಪ್ರಿಸ್ಮಿನ ಕಾವಿಗೆ ಬರುತ್ತಿದೆ ಎಂದು ಅದರ ಅರ್ಥ. ಗೆರೆ ನಿಲ್ಲದೆ ಓದಬಾರದು. ನಿಂತ ಮೇಲೆ ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಗೆರೆಯನ್ನು ಬಿಂದುವಿಗೆ ತಂದು ಸರಾಸರಿ ತೆಗೆದರೆ ಗುಂಡಿಯ ಸಡಿಲದಿಂದ ಬರುವ ವ್ಯತ್ಯಾಸವೂ ಕಳೆಯುತ್ತದೆ.

ಕರೆಂಟು ಹೋಗಿ ಬಾತ್ ನಿಂತರೆ ಕೋಣೆಯ ಕಾವಿನಲ್ಲೇ ಓದಿ ಲೆಕ್ಕ ಹಾಕುತ್ತೇನೆ. ಓದಿದ ತಾಪದಿಂದ 40 ಕಳೆದು, 0.000385ರಿಂದ ಗುಣಿಸಿ, ಬಂದುದನ್ನು ರೀಡಿಂಗಿಗೆ ಕೂಡಿಸಬೇಕು. 31 ಡಿಗ್ರಿಯಲ್ಲಿ 1.4520 ಬಂದಿದ್ದರೆ ವ್ಯತ್ಯಾಸ ಮೈನಸ್ 9, ಗುಣಿಸಿದರೆ ಮೈನಸ್ 0.0035. ಅಂದರೆ 40ರಲ್ಲಿ 1.4485, ಎಣ್ಣೆ ಮಿತಿಯೊಳಗಿದೆ. ತಿದ್ದದೆ 1.4520 ಎಂದೇ ಬರೆದುಬಿಟ್ಟರೆ ಅದು ತಾಳೆಬೀಜದೆಣ್ಣೆಯ ಮಿತಿಯ (1.4490ರಿಂದ 1.4520) ಕೊನೆಯಂಚು, ಒಳ್ಳೆಯ ಎಣ್ಣೆಗೆ ಕಲಬೆರಕೆಯ ಹೆಸರು ಬರುತ್ತದೆ. ತೆಂಗಿನೆಣ್ಣೆಯನ್ನು 20 ಡಿಗ್ರಿಯಲ್ಲಿ ಓದುವ ಮಾತಂತೂ ಇಲ್ಲ, 24ರ ಸುಮಾರಿಗೇ ಅದು ಗಟ್ಟಿಯಾಗುತ್ತದೆ.

ಈ ಪರೀಕ್ಷೆ ಎಷ್ಟನ್ನು ಹಿಡಿಯುತ್ತದೆ ಎಂಬ ಅಂದಾಜೂ ಇರಬೇಕು. ಪಾಮೊಲಿನ್ 40 ಡಿಗ್ರಿಯಲ್ಲಿ 1.4550ಕ್ಕಿಂತ ಮೇಲೆ. ಅದು ಗಣನೀಯವಾಗಿ ಬೆರೆತಿದ್ದರೆ ಗೆರೆಯೇ ಹೇಳುತ್ತದೆ. ತಾಳೆಬೀಜದೆಣ್ಣೆಯ ಗುಣ ತೆಂಗಿನೆಣ್ಣೆಗೆ ತೀರಾ ಹತ್ತಿರ, ನೂರಕ್ಕೆ ಹತ್ತು ಸೇರಿಸಿದರೂ ನಾಲ್ಕನೇ ದಶಮಾಂಶ ಎರಡು ಮೂರು ಹೆಜ್ಜೆ ಕದಲಬಹುದು, ಅಷ್ಟೇ. ಅಂಥದ್ದಕ್ಕೆ ಎಣ್ಣೆಯ ಅಪರ್ಯಾಪ್ತ ಕೊಬ್ಬನ್ನು ತೋರಿಸುವ ಅಯೋಡಿನ್ ಮೌಲ್ಯ (7.5ರಿಂದ 10), ಆವಿಯಾಗುವ, ನೀರಿನಲ್ಲಿ ಕರಗದ ಕೊಬ್ಬಿನಾಮ್ಲಗಳನ್ನು ತೋರಿಸುವ ಪೊಲೆನ್ಸ್ಕೆ ಮೌಲ್ಯ (13ಕ್ಕಿಂತ ಕಡಿಮೆ ಇರಬಾರದು) ನೋಡಲೇಬೇಕು. ರಿಫ್ರ್ಯಾಕ್ಟೋಮೀಟರ್ ಸಂಶಯವನ್ನು ಎತ್ತಿ ತೋರಿಸುತ್ತದೆ, ಶುದ್ಧವೆಂದು ಪ್ರಮಾಣಪತ್ರ ಕೊಡುವುದಿಲ್ಲ.

ಜೇನಿಗೆ ಲೆಕ್ಕ ಬೇರೆ. ಅಲ್ಲಿ ತಿಳಿಯಬೇಕಾದ್ದು ನೀರಿನಂಶ. 20 ಡಿಗ್ರಿಯಲ್ಲಿ 1.4940 ಇದ್ದರೆ ನೀರು ಶೇ 17, 1.4915 ಇದ್ದರೆ ಶೇ 18, 1.4890ಕ್ಕೆ ಶೇ 19, 1.4865ಕ್ಕೆ ಶೇ 20. 20ರ ಮೇಲಿನ ಪ್ರತಿ ಡಿಗ್ರಿಗೆ 0.00023 ಕೂಡಿಸಬೇಕು. 28 ಡಿಗ್ರಿಯಲ್ಲಿ 1.4872 ಬಂದರೆ 0.0018 ಸೇರಿ 1.4890, ಅಂದರೆ ಶೇ 19. ಹರಳುಗಟ್ಟಿದ ಜೇನನ್ನು ಮುಚ್ಚಿದ ಸೀಸೆಯಲ್ಲೇ ಬೆಚ್ಚಗೆ ಮಾಡಿ ಪೂರ್ತಿ ಕರಗಿಸಿ, ಆರಿಸಿಯೇ ಹಾಕಬೇಕು. ಸಕ್ಕರೆ ಹರಳಾಗಿ ಹೊರಬಿದ್ದಷ್ಟು ಉಳಿದ ದ್ರವ ತೆಳುವಾಗಿ ಸುಳ್ಳು ಹೇಳುತ್ತದೆ. ಮಳೆಗಾಲದ ಗಾಳಿಗೆ ಜೇನನ್ನು ತೆರೆದಿಟ್ಟರೆ ನೀರು ಹೀರುತ್ತದೆ. ಸೀಸೆ ತೆರೆದ ಕೂಡಲೇ ಪ್ರಿಸ್ಮಿಗೆ.

ತೋಟಕ್ಕೆ ಒಯ್ಯುವ ಕೈ ರಿಫ್ರ್ಯಾಕ್ಟೋಮೀಟರುಗಳಲ್ಲಿ ತಾಪ ತಿದ್ದುಪಡಿ ತಾನಾಗಿ ಆಗುತ್ತದೆ ಎಂದು ಬರೆದಿರುತ್ತಾರೆ. ಆ ತಿದ್ದುಪಡಿ ಸಕ್ಕರೆ ನೀರಿಗಷ್ಟೇ, ಅದೂ ಸಾಮಾನ್ಯವಾಗಿ 10ರಿಂದ 30 ಡಿಗ್ರಿಯೊಳಗೆ. ಏಪ್ರಿಲ್‌ನಲ್ಲಿ ಬದಿಯಡ್ಕದ ತೋಟದ ನಡುಮಧ್ಯಾಹ್ನಕ್ಕೆ ಅದು ಸಾಲದು. ತೆಂಗಿನ ಹೂಗೊಂಚಲಿನಿಂದ ಇಳಿಸುವ ನೀರಾ ರಸದ ಬ್ರಿಕ್ಸ್ (ಸಕ್ಕರೆಯಂಶದ ಅಳತೆ) ನೋಡುವವರು ಇನ್ನೊಂದು ತಿಳಿದಿರಬೇಕು: ಹುಳಿಯತೊಡಗಿದ ನೀರಾದಲ್ಲಿ ಸಕ್ಕರೆ ಕಡಿಮೆಯಾದಂತೆ ಮದ್ಯಸಾರ ಹುಟ್ಟುತ್ತದೆ, ಮದ್ಯಸಾರವೂ ನೀರಿನ ವಕ್ರೀಭವನಾಂಕವನ್ನು ಏರಿಸುತ್ತದೆ. ಸಕ್ಕರೆ ಮುಗಿದರೂ ಬ್ರಿಕ್ಸ್ ಸೊನ್ನೆಗೆ ಇಳಿಯುವುದಿಲ್ಲ. ಸ್ಪಿರಿಟ್ಟಿನ ಬಲ ಅಳೆಯಲೂ ಇದು ತಕ್ಕದ್ದಲ್ಲ. ನೀರಿಗೆ ಮದ್ಯಸಾರ ಸೇರಿಸುತ್ತ ಹೋದರೆ ವಕ್ರೀಭವನಾಂಕ ತೂಕದಲ್ಲಿ ಮುಕ್ಕಾಲು ಭಾಗ ದಾಟುವವರೆಗೆ ಏರಿ, ಮತ್ತೆ ಇಳಿಯುತ್ತದೆ. ಒಂದೇ ಅಂಕಿಗೆ ಎರಡು ಉತ್ತರ.

ಆವಿಯಾಗುವ ದ್ರವಗಳಿಗೆ ಪ್ರಿಸ್ಮ್ ಮುಚ್ಚಿಟ್ಟೇ ಪಕ್ಕದ ಸಣ್ಣ ಕಿಂಡಿಯಿಂದ ಹನಿ ಇಳಿಸುವುದು ಒಳ್ಳೆಯದು. ಹನಿ ಹಾಕಲು ಪ್ಲಾಸ್ಟಿಕ್ ಡ್ರಾಪರ್ ಸಾಕು, ಗಾಜಿನ ಕಡ್ಡಿಯನ್ನು ಪ್ರಿಸ್ಮಿಗೆ ತಾಗಿಸಬಾರದು. ಪ್ರಿಸ್ಮಿನ ಗಾಜು ಮೆತುವು, ಸುಲಭದಲ್ಲಿ ಗೀರು ಬೀಳುತ್ತದೆ. ಪ್ರಿಸ್ಮ್ ತೊಳೆಯಲು ಎಣ್ಣೆಗೆ ಹೆಕ್ಸೇನ್, ಆಮೇಲೆ ಸ್ಪಿರಿಟ್; ಜೇನಿಗೆ ನೀರು, ಆಮೇಲೆ ಸ್ಪಿರಿಟ್. ಲೆನ್ಸ್ ಒರೆಸುವ ಕಾಗದದಿಂದ ಒಂದೇ ದಿಕ್ಕಿಗೆ ಎಳೆದು ಒರೆಸಬೇಕು. ಕಡಲ ಕಡೆಯಿಂದ ಬರುವ ಗಾಳಿಯಲ್ಲಿ ನುಣ್ಣನೆಯ ಮರಳು ಇದ್ದೇ ಇರುತ್ತದೆ, ಉಜ್ಜಿದರೆ ಅದೇ ಅರದ ಕೆಲಸ ಮಾಡುತ್ತದೆ. ಸ್ಪಿರಿಟ್ ಆರುವಾಗ ಪ್ರಿಸ್ಮ್ ತಣಿಯುತ್ತದೆ, ಮುಂದಿನ ಮಾದರಿಗೆ ಸ್ವಲ್ಪ ತಡೆಯಿರಿ. ಮಳೆಗಾಲದಲ್ಲಿ 20 ಡಿಗ್ರಿಯ ತಣ್ಣೀರು ಸುತ್ತಿಸಿದರೆ ಪ್ರಿಸ್ಮಿನ ಮೈಮೇಲೆ ಗಾಳಿಯ ತೇವವೇ ಹನಿಯಾಗಿ ಕೂರುತ್ತದೆ. ಆದ್ದರಿಂದ ನೀರಿನ ದ್ರಾವಣಗಳನ್ನು 30ರಲ್ಲಿ ಓದಿ ತಿದ್ದುವುದೇ ನನಗೆ ಇಷ್ಟ. ಉಪಕರಣದ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡದಿದ್ದರೆ ಐಪೀಸಿನ ಒಳಗೆ ಬೂಸ್ಟು ಹಿಡಿಯುತ್ತದೆ.

ಘನವಸ್ತುವಿಗೆ ಕೆಳಗಿನ ಪ್ರಿಸ್ಮನ್ನು ತೆರೆದಿಡಬೇಕು. ಮಾದರಿಗೆ ಚಪ್ಪಟೆಯಾಗಿ ಪಾಲಿಶ್ ಮಾಡಿದ ಒಂದು ಮೈ, ಅದಕ್ಕೆ ಲಂಬವಾಗಿ ಬೆಳಕು ಒಳಬಿಡುವ ಇನ್ನೊಂದು ಮೈ, ಎರಡೂ ಕೂಡುವಲ್ಲಿ ಚೂಪಾದ ಅಂಚು ಇರಬೇಕು. ಅಂಚು ಮುಕ್ಕಾಗಿದ್ದರೆ ಗಡಿಗೆರೆ ಕಾಣುವುದಿಲ್ಲ. ಗಾಜಿಗೂ ಪ್ರಿಸ್ಮಿಗೂ ನಡುವೆ ಗಾಳಿ ಉಳಿಯದಂತೆ ಒಂದು ಸಂಪರ್ಕ ದ್ರವ ಬೇಕು. ಅದರ ವಕ್ರೀಭವನಾಂಕ ಮಾದರಿಗಿಂತ ಹೆಚ್ಚಿರಲೇಬೇಕು, ಇಲ್ಲದಿದ್ದರೆ ಓದುವುದು ದ್ರವವನ್ನು. ನಾನು ಬಳಸುವುದು ಮಾನೋಬ್ರೋಮೋನ್ಯಾಫ್ತಲೀನ್, 1.658. ಉಪಕರಣದ ಜೊತೆ ಬರುವ ಪರೀಕ್ಷಾ ಗಾಜನ್ನು ಇದರಿಂದಲೇ ಅಂಟಿಸಿ, ಅದರ ಮೇಲೆ ಕೊರೆದ ಅಂಕಿಯೊಂದಿಗೆ ಹೋಲಿಸುತ್ತೇನೆ. ಗುಂಡುಸೂಜಿಯ ತಲೆಯಷ್ಟು ಹನಿ ಸಾಕು. ಹೆಚ್ಚಾದರೆ ಮಾದರಿ ಜಾರುತ್ತದೆ, ಪದರ ಒಂದು ಕಡೆ ದಪ್ಪವಾಗಿ ಬೆಣೆಯಾಗುತ್ತದೆ, ರೀಡಿಂಗ್ ಸರಿಯುತ್ತದೆ. ಈ ದ್ರವವನ್ನು ಕೈಗೆ ತಾಗಿಸಬೇಡಿ, ಕಂದು ಸೀಸೆಯಲ್ಲಿಡಿ. ದೀಪದ ಎದುರು ಟ್ರೇಸಿಂಗ್ ಕಾಗದ ಹಿಡಿದು ಅಂಚಿನ ಕಡೆಯಿಂದ ಬೆಳಕು ಕೊಟ್ಟರೆ ಗೆರೆ ಸ್ಪಷ್ಟ.

ಸಾಮಾನ್ಯ ಆಪ್ಟಿಕಲ್ ಕ್ರೌನ್ ಗಾಜು 1.517ರ ಹತ್ತಿರ, ಅಕ್ರಿಲಿಕ್ 1.49ರ ಹತ್ತಿರ. ಗಾಜಿಗೆ ಕೋಣೆಯ ಕಾವಿನ ಏರಿಳಿತ ಲೆಕ್ಕಕ್ಕೇ ಇಲ್ಲ. ಅಕ್ರಿಲಿಕ್ಕಿಗೆ ಡಿಗ್ರಿಗೆ 0.0001ರಷ್ಟು ಇಳಿಕೆ ಇದೆ. ಪ್ಲಾಸ್ಟಿಕ್ಕುಗಳನ್ನು ಈ ಸಂಪರ್ಕ ದ್ರವ ತಿನ್ನಬಹುದು, ಮೊದಲು ಒಂದು ಮೂಲೆಗೆ ಮುಟ್ಟಿಸಿ ನೋಡಬೇಕು. ಸ್ಫಟಿಕ ಶಿಲೆಯಲ್ಲಿ ಒಂದರ ಬದಲು ಎರಡು ಗೆರೆ ಕಂಡರೆ ಉಪಕರಣ ಕೆಟ್ಟಿದೆ ಎಂದು ಹೆದರಬೇಕಾಗಿಲ್ಲ. ಅದಕ್ಕೆ 1.544, 1.553 ಎಂದು ಎರಡು ವಕ್ರೀಭವನಾಂಕಗಳಿವೆ, ಐಪೀಸಿನ ಮೇಲೆ ಪೋಲರಾಯ್ಡ್ ತುಣುಕು ತಿರುಗಿಸಿದರೆ ಒಂದೊಂದಾಗಿ ಕಾಣುತ್ತವೆ. ಉಂಗುರದ ನೀಲಮಣಿ, ಮಾಣಿಕ್ಯ ತಂದು ಅಳೆಯಲು ಕೇಳುವವರಿಗೆ ಮಾತ್ರ ಇಲ್ಲ ಎನ್ನಬೇಕಾಗುತ್ತದೆ. ಅವು 1.76ರ ಮೇಲೆ, ರತ್ನಗಳಿಗೆಂದೇ ಮಾಡಿದ ಉಪಕರಣ, ಸುಮಾರು 1.80ರ ಸಂಪರ್ಕ ದ್ರವ ಎರಡೂ ಬೇಕು.