ಸಭೆಗೆ ಸೇರುವ ಮುನ್ನ

ಸಭೆ (ಚರ್ಚ್) ಎಂದರೆ ಕಟ್ಟಡವಲ್ಲ, ಕ್ರಿಸ್ತನ ದೇಹ. ಸೇರುವುದೆಂದರೆ ಅದರ ಅಂಗವಾಗುವುದು. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 2:42 ತೆರೆದಿಟ್ಟುಕೊಳ್ಳಿ: ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು (ಕರ್ತನ ಭೋಜನ), ಪ್ರಾರ್ಥನೆ. ಈ ನಾಲ್ಕೂ ನಡೆಯುತ್ತಿವೆಯೇ ಎಂದು ಕೆಲವು ಭಾನುವಾರ ಕೂತು ನೋಡಿ. ಬರೀ ಹಾಡು ಚೆನ್ನಾಗಿದೆಯೆಂದು ಸೇರಿದವರು ಹಾಡುವವರು ಬದಲಾದ ಕೂಡಲೇ ಹೊರಟುಬಿಡುತ್ತಾರೆ.

ಆಮೇಲೆ ಸಭಾಪಾಲಕರನ್ನು (ಪಾಸ್ಟರ್) ಕಂಡು ವಿಶ್ವಾಸ ಪ್ರಮಾಣ, ಅಂದರೆ ಆ ಸಭೆ ಏನನ್ನು ನಂಬುತ್ತದೆ ಎಂಬ ಬರಹ, ಕೇಳಿ ಓದಿ. ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆಗಿಲ್ಲದಿದ್ದರೆ ಮೊದಲು ಅದರ ತರಗತಿ. ಶಿಶುವಾಗಿದ್ದಾಗಲೇ ಆಗಿದ್ದರೆ ಮೊದಲ ಭೇಟಿಯಲ್ಲೇ ಹೇಳಿಬಿಡಿ: ಬ್ಯಾಪ್ಟಿಸ್ಟ್ ಸಭೆಗಳು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ, ಕಥೋಲಿಕರು ಮತ್ತು ಲೂಥರನರು ಎರಡನೆಯ ಸಲ ಕೊಡುವುದಿಲ್ಲ. ಕೊನೇ ಗಳಿಗೆಯಲ್ಲಿ ಗೊತ್ತಾದರೆ ಇಬ್ಬರಿಗೂ ನೋವು.

ಬೇರೆ ಸಭೆಯಿಂದ ಬರುತ್ತಿದ್ದರೆ ಅಲ್ಲಿನ ವರ್ಗಾವಣೆ ಪತ್ರ ತನ್ನಿ. ಅಲ್ಲಿ ಮನಸ್ತಾಪ ಉಳಿದಿದ್ದರೆ, ಮತ್ತಾಯ 5:24 ಹೇಳುವಂತೆ, ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಿ.